ನೊಂದವರ ಮೇಲೆ ಸಾಕ್ಷಿಯ ಸಾಲ ಇದೆಯಾ?

  ಕೂತ್ಕೊಳ್ಳಿ, ಹಿಂದೆ ಇರುವವರು ಮುಂದೆ ಬನ್ನಿ, ಕುರ್ಚಿ ಖಾಲಿ ಇದೆ.

ಇವತ್ತು ನಾನು ಪ್ರಸಂಗಕ್ಕಿಂತ ಹೆಚ್ಚಾಗಿ ಒಂದು ಪ್ರಶ್ನೆ ಇಟ್ಟುಕೊಂಡು ಬಂದಿದ್ದೀನಿ. ಒಬ್ಬರಿಗೆ ಜೀವನದಲ್ಲಿ ದೊಡ್ಡ ಆಘಾತ ಆಗುತ್ತೆ. ಮನೆಯವರ ಸಾವು, ಆಕ್ಸಿಡೆಂಟ್, ಮೈಮೇಲೆ ಆದ ದೌರ್ಜನ್ಯ, ಮುರಿದ ಮದುವೆ. ಸ್ವಲ್ಪ ದಿನ ಆದಮೇಲೆ ನಾವು ಅವರ ಮುಖ ನೋಡ್ತೀವಿ. ಏನೋ ಒಂದು ಒಳ್ಳೆಯ ಮಾತು ಬರಲಿ ಅಂತ ಕಾಯ್ತೀವಿ. "ಇದರಿಂದ ನಾನು ಗಟ್ಟಿಯಾದೆ, ದೇವರಿಗೆ ಹತ್ತಿರವಾದೆ" ಅನ್ನೋ ಮಾತು. ಹಾಗೆ ಕಾಯೋ ಹಕ್ಕು ನಮಗೆ ಇದೆಯಾ? ನೊಂದವರು ನಮಗೆ ಅದನ್ನು ಕೊಡಲೇಬೇಕಾ?

ಈ ಪ್ರಶ್ನೆ ಎಲ್ಲಿಂದ ಬಂತು ಅಂತ ಹೇಳ್ತೀನಿ. ನಮ್ಮ ಮಧ್ಯೆ ಇರುವ ಒಬ್ಬ ತಂಗಿ, ಹೆಸರು ಹೇಳದೆ ಹೇಳಿ ಅಂತ ಒಪ್ಪಿಗೆ ಕೊಟ್ಟಿದ್ದಾಳೆ. 2021ರ ಮೇ ತಿಂಗಳು, ಕೊರೊನಾ ಎರಡನೇ ಅಲೆ. ಬೆಂಗಳೂರಲ್ಲಿ ಆಗ ಆಕ್ಸಿಜನ್ ಬೆಡ್ ಹುಡುಕಿದವರಿಗೆ ಆ ದಿನಗಳು ಹೇಗಿದ್ದವು ಅಂತ ನಾನು ಹೇಳಬೇಕಾಗಿಲ್ಲ. ಅವಳ ತಂದೆ ತೀರಿಕೊಂಡರು. ಮುಖ ಕೂಡ ಸರಿಯಾಗಿ ನೋಡೋಕಾಗಲಿಲ್ಲ. ಆರು ವಾರ ಆಗಿರಲಿಲ್ಲ, ಅವಳು ಆಗ ಹೋಗುತ್ತಿದ್ದ ಸಭೆಯ ಆನ್‌ಲೈನ್ ಆರಾಧನೆಯಲ್ಲಿ ಅವಳನ್ನು ಸಾಕ್ಷಿ ಹೇಳೋಕೆ ಕರೆದರು. ದೇವರು ಇದರಲ್ಲಿ ಏನು ಕಲಿಸಿದರು, ಹತ್ತು ನಿಮಿಷ ಹೇಳು ಅಂದರು. ಅವಳು ಹೇಳಿದಳು. ಎಲ್ಲರೂ ಹಲ್ಲೆಲೂಯಾ ಅಂತ ಟೈಪ್ ಮಾಡಿದರು. ಲ್ಯಾಪ್‌ಟಾಪ್ ಮುಚ್ಚಿದವಳು ಎರಡು ವರ್ಷ ಯಾವ ಸಭೆಗೂ ಹೋಗಲಿಲ್ಲ. ನನಗೆ ಅವಳು ಹೇಳಿದ್ದು ಇಷ್ಟೇ: "ಅಣ್ಣ, ನಾನು ಸುಳ್ಳು ಹೇಳಲಿಲ್ಲ. ಆದ್ರೆ ಅದು ನನ್ನ ಮಾತಾಗಿರಲಿಲ್ಲ."

ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ನಾನು ಡಾಕ್ಟರಲ್ಲ, ಮನಶ್ಶಾಸ್ತ್ರ ಓದಿದವನೂ ಅಲ್ಲ. ಬೈಬಲ್ ಕಾಲೇಜಿನ ಡಿಪ್ಲೊಮಾ, ವಾರವಿಡೀ ಬೇರೆ ಕೆಲಸ. ಆದರೂ ಈ ವಿಷಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಕೂತು ಓದಿದೆ. ಓದಿದ್ದು ನನ್ನ ನಂಬಿಕೆಯನ್ನು ಅಲುಗಾಡಿಸಲಿಲ್ಲ, ನಮ್ಮ ಅವಸರವನ್ನು ಮಾತ್ರ ಚೆನ್ನಾಗಿ ತೋರಿಸಿಕೊಟ್ಟಿತು.

ಅಮೆರಿಕದ ಉತ್ತರ ಕೆರೊಲಿನಾದ ಶಾರ್ಲೆಟ್‌ನಲ್ಲಿ ರಿಚರ್ಡ್ ಟೆಡೆಸ್ಕಿ, ಲಾರೆನ್ಸ್ ಕ್ಯಾಲ್‌ಹೌನ್ ಅಂತ ಇಬ್ಬರು ಮನಶ್ಶಾಸ್ತ್ರಜ್ಞರು. ಮಕ್ಕಳನ್ನು ಕಳಕೊಂಡ ತಂದೆತಾಯಿಗಳ ಜೊತೆ ಬಹಳ ಕೆಲಸ ಮಾಡಿದವರು. 1990ರ ದಶಕದ ಮಧ್ಯದಲ್ಲಿ ಇವರು ಪೋಸ್ಟ್ ಟ್ರಾಮಾಟಿಕ್ ಗ್ರೋತ್ ಅನ್ನೋ ಹೆಸರು ಕೊಟ್ಟರು. ಆಘಾತದ ನಂತರದ ಬೆಳವಣಿಗೆ. 1996ರಲ್ಲಿ ಅದನ್ನು ಅಳೆಯೋಕೆ 21 ಪ್ರಶ್ನೆಗಳ ಒಂದು ಪಟ್ಟಿಯನ್ನೂ ಪ್ರಕಟಿಸಿದರು. ಐದು ಕಡೆ ಬದಲಾವಣೆ ಕಾಣಬಹುದು ಅಂತಾರೆ: ಬೇರೆಯವರ ಜೊತೆಗಿನ ಸಂಬಂಧ, ಜೀವನದಲ್ಲಿ ಹೊಸ ದಾರಿಗಳು, ನನ್ನಲ್ಲಿ ಇಷ್ಟು ಬಲ ಇತ್ತಾ ಅನ್ನೋ ಅರಿವು, ಆತ್ಮಿಕ ಬದಲಾವಣೆ, ದಿನದಿನದ ಬದುಕಿನ ಬೆಲೆ. ಆತ್ಮಿಕ ಅನ್ನೋ ಪದ ಕೇಳಿದ ತಕ್ಷಣ ನೀವು ಆಮೆನ್ ಅಂತೀರಾ ಅಂತ ನನಗೆ ಗೊತ್ತು. ಸ್ವಲ್ಪ ತಡೀರಿ.

ಅವರು ಕೊಡುವ ಹೋಲಿಕೆ ಭೂಕಂಪದ್ದು. ಭೂಮಿ ನಡುಗಿದಾಗ ಕಟ್ಟಡ ಬೀಳುತ್ತೆ. ಮತ್ತೆ ಕಟ್ಟುವಾಗ ಮೊದಲಿಗಿಂತ ಭದ್ರವಾಗಿ ಕಟ್ಟಬಹುದು. ಆದರೆ ಭದ್ರವಾದ ಮನೆ ಕಟ್ಟಿದ್ದು ಭೂಕಂಪ ಅಂತ ಯಾರಾದರೂ ಹೇಳ್ತಾರಾ? ಕಟ್ಟಿದ್ದು ಮನುಷ್ಯರು, ಮಣ್ಣು ಹೊತ್ತು, ಬೆವರು ಸುರಿಸಿ. ಬೆಳವಣಿಗೆ ಬರೋದು ಆಘಾತದಿಂದ ಅಲ್ಲ, ಆಘಾತವಾದ ಮೇಲೆ ಆ ಮನುಷ್ಯ ಮಾಡುವ ಹೋರಾಟದಿಂದ. ಇದು ಸಣ್ಣ ವ್ಯತ್ಯಾಸ ಅಂದುಕೊಳ್ಳಬೇಡಿ. "ದೇವರು ನಿನ್ನನ್ನು ಬೆಳೆಸೋಕೇ ನಿನ್ನ ಅಪ್ಪನನ್ನು ತಗೊಂಡ್ರು" ಅಂತ ಹೇಳುವಾಗ ನಾವು ಈ ವ್ಯತ್ಯಾಸವನ್ನೇ ಅಳಿಸಿ ಹಾಕ್ತೀವಿ.

ಏನು ಬೀಳುತ್ತೆ ಅನ್ನೋದನ್ನು ರೋನಿ ಜನಾಫ್-ಬುಲ್ಮನ್ ಅನ್ನುವವರು 1992ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದಾರೆ. ನಮಗೆ ಗೊತ್ತಿಲ್ಲದೇ ನಾವೆಲ್ಲ ಮೂರು ನಂಬಿಕೆ ಇಟ್ಟುಕೊಂಡು ಓಡಾಡ್ತೀವಂತೆ. ಲೋಕ ಒಟ್ಟಿನಲ್ಲಿ ಒಳ್ಳೆಯದು. ನಡೆಯೋದಕ್ಕೆಲ್ಲ ಒಂದು ಅರ್ಥ, ಒಂದು ನ್ಯಾಯ ಇದೆ. ನಾನು ಒಳ್ಳೆಯದಕ್ಕೆ ಯೋಗ್ಯ. ಆಘಾತ ಬಂದಾಗ ಈ ಮೂರೂ ಒಟ್ಟಿಗೆ ಒಡೆಯುತ್ತೆ. ವಿಶ್ವಾಸಿಗಳಾದ ನಮಗೆ ಇನ್ನೂ ಕಷ್ಟ, ಯಾಕಂದ್ರೆ ನಾವು ಈ ಮೂರನ್ನೂ ದೇವರ ಹೆಸರಲ್ಲೇ ಕಟ್ಟಿಕೊಂಡಿರ್ತೀವಿ. ದಶಮಾಂಶ ಕೊಟ್ಟಿದ್ದೀನಿ, ಉಪವಾಸ ಮಾಡಿದ್ದೀನಿ, ನನ್ನ ಮನೆಗೆ ಏನೂ ಆಗಲ್ಲ ಅಂತ. ಅದು ಒಡೆದಾಗ ಅವರು ದೇವರನ್ನೇ ಬಿಟ್ಟರು ಅಂತ ನಾವು ಹೆದರ್ತೀವಿ. ಬಹಳ ಸಲ ಅವರು ಬಿಟ್ಟಿರೋದು ದೇವರ ಜೊತೆ ಮಾಡಿಕೊಂಡಿದ್ದ ಆ ವ್ಯಾಪಾರವನ್ನು.

ಸರಿ, ಒಡೆದ ಮೇಲೆ ಮತ್ತೆ ಕಟ್ಟೋಕೆ ಏನು ಸಹಾಯ ಮಾಡುತ್ತೆ? ಹಸು ಮೆಲುಕು ಹಾಕೋದನ್ನು ನೀವೆಲ್ಲ ನೋಡಿದ್ದೀರಿ, ಸಿಟಿಯಲ್ಲಿ ಹುಟ್ಟಿದವರು ಕೂಡ. ಮನಸ್ಸೂ ಮೆಲುಕು ಹಾಕುತ್ತೆ. ಅದರಲ್ಲಿ ಎರಡು ವಿಧ. ಒಂದು, ಕರೆಯದೇ ಬರುವ ಯೋಚನೆ. ರಾತ್ರಿ ಎರಡು ಗಂಟೆಗೆ ಅದೇ ಆಂಬ್ಯುಲೆನ್ಸ್ ಸದ್ದು, ಅದೇ ಫೋನ್ ಕಾಲ್. ಅದನ್ನು ಬೇಡ ಅಂದರೂ ನಿಲ್ಲಲ್ಲ. ಮೊದಮೊದಲು ಬಹಳ ಜನರಿಗೆ ಇದು ಬರುತ್ತೆ, ಇದು ಅವಿಶ್ವಾಸವಲ್ಲ, ಇದು ಮಿದುಳು ತನ್ನ ಕೆಲಸ ಮಾಡುತ್ತಿರೋದು. ಎರಡನೆಯದು, ನಾನೇ ಕೂತು, ಬೇಕು ಅಂತಲೇ ಯೋಚನೆ ಮಾಡೋದು: ಏನಾಯ್ತು, ಯಾಕೆ ಇಷ್ಟು ನೋವಾಯ್ತು, ಈಗ ನಾನು ಯಾರು, ಮುಂದೆ ಹೇಗೆ. ಬೆಳವಣಿಗೆಗೆ ಹತ್ತಿರದ ಸಂಬಂಧ ಇರೋದು ಈ ಎರಡನೇ ಮೆಲುಕಿಗೆ. ಮೊದಲನೆಯದರಿಂದ ಎರಡನೆಯದಕ್ಕೆ ಬರೋಕೆ ಸಮಯ ಬೇಕು, ನಿದ್ದೆ ಬೇಕು, ಸುರಕ್ಷಿತವಾದ ಜಾಗ ಬೇಕು. ಆರು ವಾರಕ್ಕೆ ಮೈಕ್ ಕೈಗೆ ಕೊಟ್ಟರೆ ಯಾವ ಮೆಲುಕೂ ಮುಗಿದಿರಲ್ಲ.

ಇದಕ್ಕೆ ಬರೆಯೋದು ಸಹಾಯ ಮಾಡಬಹುದು ಅಂತ ಜೇಮ್ಸ್ ಪೆನ್ನಿಬೇಕರ್ ಅನ್ನುವವರು 1986ರಲ್ಲಿ ತೋರಿಸಿದರು. ವಿದ್ಯಾರ್ಥಿಗಳಿಗೆ ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮ ಅತಿ ದೊಡ್ಡ ನೋವಿನ ಬಗ್ಗೆ ಬರೆಯೋಕೆ ಹೇಳಿದರು. ಬರೆದ ದಿನ ಅವರಿಗೆ ಮನಸ್ಸು ಭಾರವಾಯ್ತು. ಆದರೆ ಘಟನೆಯನ್ನೂ ತಮ್ಮ ಭಾವನೆಯನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಕ್ಯಾಂಪಸ್ ಕ್ಲಿನಿಕ್ಕಿಗೆ ಕಡಿಮೆ ಹೋದರು. ಮುಂದೆ ನೋಡಿದಾಗ ಇನ್ನೊಂದು ವಿಷಯ ಕಂಡಿತು. ದಿನದಿಂದ ದಿನಕ್ಕೆ "ಯಾಕಂದ್ರೆ", "ಈಗ ಅರ್ಥ ಆಗ್ತಿದೆ" ಅನ್ನುವಂಥ ಪದಗಳು ಯಾರ ಬರಹದಲ್ಲಿ ಹೆಚ್ಚಾದವೋ ಅವರಿಗೆ ಹೆಚ್ಚು ಪ್ರಯೋಜನವಾಗಿತ್ತು. ಗಮನಿಸಿ, ಆ ಹಾಳೆಗಳನ್ನು ಸ್ಟೇಜ್ ಮೇಲೆ ಓದಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. 88ನೇ ಕೀರ್ತನೆ ಒಂದು ಸಲ ಓದಿ ನೋಡಿ. ಅದು ಕತ್ತಲೆಯಲ್ಲೇ ಮುಗಿಯುತ್ತೆ. ಕೊನೆಯಲ್ಲಿ "ಆದರೂ ಸ್ತೋತ್ರ" ಅನ್ನೋ ಸಾಲು ಇಲ್ಲ. ಆದರೂ ಅದು ನಮ್ಮ ಬೈಬಲ್ಲಿನಲ್ಲಿದೆ, ಅದನ್ನು ಯಾರೂ ತಿದ್ದಲಿಲ್ಲ.

ಇನ್ನು ಜನ. ನನ್ನ ಅಪ್ಪ ತೀರಿಕೊಂಡಾಗ ನನಗೆ 19. ಮನೆಗೆ ತುಂಬಾ ಜನ ಬಂದು ತುಂಬಾ ಹೇಳಿದರು, ಒಂದೂ ನೆನಪಿಲ್ಲ. ನೆನಪಿರೋದು ಪಕ್ಕದ ಮನೆ ಆಂಟಿ. ದಿನಾ ಸಂಜೆ ಬರೋರು, ಅಮ್ಮನ ಜೊತೆ ನೆಲದ ಮೇಲೆ ಕೂತು ಸೊಪ್ಪು ಬಿಡಿಸೋರು. ಅಮ್ಮ ಅತ್ತರೆ ಅಳೋಕೆ ಬಿಡೋರು, ಅದೇ ಕಥೆಯನ್ನು ನೂರನೇ ಸಲ ಹೇಳಿದರೂ ಮೊದಲ ಸಲ ಕೇಳಿದ ಹಾಗೆ ಕೇಳೋರು. ಅವರು ನಮ್ಮ ಸಭೆಯವರಲ್ಲ, ವಿಶ್ವಾಸಿಯೂ ಅಲ್ಲ. ಸುಮಾರು ಒಂದು ವರ್ಷ ಹೀಗೇ ನಡೀತು. ಟೆಡೆಸ್ಕಿ ಮತ್ತು ಕ್ಯಾಲ್‌ಹೌನ್ ಇಂಥವರಿಗೆ ಒಂದು ಹೆಸರು ಕೊಟ್ಟಿದ್ದಾರೆ. ಸರಿಮಾಡೋ ತಜ್ಞನಲ್ಲ, ನುರಿತ ಜೊತೆಗಾರ ಅಂತಾರೆ. ಅವರು ಹೇಳಿದ್ದು ಚಿಕಿತ್ಸೆ ಕೊಡುವವರ ಬಗ್ಗೆ. ಆ ಪದ ಓದಿದಾಗ ನನ್ನ ಕಣ್ಣ ಮುಂದೆ ಬಂದಿದ್ದು ಮಾತ್ರ ಆ ಆಂಟಿಯ ಮಡಿಲಲ್ಲಿದ್ದ ದಂಟಿನ ಸೊಪ್ಪು.

ಹಾಗಂತ ಬೇಗ ಬಾಯಿ ಬಿಡಿಸಿದರೆ ಒಳ್ಳೆಯದಾಗುತ್ತೆ ಅಂತಲ್ಲ. ಒಂದು ಕಾಲದಲ್ಲಿ ದುರಂತ ನಡೆದ ಕೂಡಲೇ ಬದುಕುಳಿದವರನ್ನು ಕೂರಿಸಿ, ಒಂದೇ ಸಿಟಿಂಗಿನಲ್ಲಿ ಎಲ್ಲವನ್ನೂ ಹೇಳಿಸುವ ಪದ್ಧತಿ ಹಲವು ದೇಶಗಳಲ್ಲಿ ಇತ್ತು. 2002ರಲ್ಲಿ ಅದರ ಮೇಲಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಅದು ಮುಂದಿನ ತೊಂದರೆಯನ್ನು ತಡೆಯುತ್ತೆ ಅನ್ನೋಕೆ ಆಧಾರ ಸಿಗಲಿಲ್ಲ. ಕೆಲವರಿಗೆ ಅದರಿಂದ ಹೆಚ್ಚು ಕಷ್ಟವೇ ಆಗಿತ್ತು. ಕಡ್ಡಾಯ ಮಾಡಬಾರದು ಅಂತ ತೀರ್ಮಾನಕ್ಕೆ ಬಂದರು. ಕೇಳೋಕೆ ಸಿದ್ಧರಾಗಿರೋದು ಬೇರೆ, ಕೆದಕೋದು ಬೇರೆ.

ನಮಗೆ ಇಷ್ಟವಾಗೋ ವಿಡಿಯೋಗಳ ವಿಷಯಕ್ಕೆ ಬರ್ತೀನಿ. ಅರುಣಿಮಾ ಸಿನ್ಹಾ ಅವರ ಕಥೆ ನಿಮ್ಮ ವಾಟ್ಸಾಪಿಗೂ ಬಂದಿರುತ್ತೆ. ರಾಷ್ಟ್ರಮಟ್ಟದ ವಾಲಿಬಾಲ್ ಆಟಗಾರ್ತಿ. 2011ರ ಏಪ್ರಿಲ್‌ನಲ್ಲಿ ಉತ್ತರ ಪ್ರದೇಶದ ಬರೇಲಿ ಹತ್ತಿರ ಕಳ್ಳರು ಚಲಿಸುವ ರೈಲಿನಿಂದ ತಳ್ಳಿದರು. ಎಡಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯ್ತು. 2013ರ ಮೇ 21ರಂದು ಕೃತಕ ಕಾಲಿನಲ್ಲಿ ಎವರೆಸ್ಟ್ ತುದಿ ಮುಟ್ಟಿದರು. ವಿಡಿಯೋದಲ್ಲಿ ರೈಲಿನಿಂದ ಎವರೆಸ್ಟಿಗೆ ಒಂದೂವರೆ ನಿಮಿಷ, ಹಿಂದೆ ಮ್ಯೂಸಿಕ್. ನಿಜದಲ್ಲಿ ಎರಡು ವರ್ಷ. ಆ ಎರಡು ವರ್ಷದಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ತಿಂಗಳುಗಳಿವೆ. ಅವರ ಬಗ್ಗೆ ಹಬ್ಬಿದ ಕೆಟ್ಟ ಗಾಳಿಮಾತುಗಳಿವೆ. 1984ರಲ್ಲೇ ಎವರೆಸ್ಟ್ ಏರಿದ್ದ ಬಚೇಂದ್ರಿ ಪಾಲ್ ಅವರ ಬಳಿ ಹೋಗಿ ಪಡೆದ ತರಬೇತಿ ಇದೆ, ಉತ್ತರಕಾಶಿಯ ಕ್ಯಾಂಪ್ ಇದೆ. ಒಬ್ಬ ಗುರು, ಒಂದು ಕೆಲಸ, ಪ್ರತಿದಿನ ಸ್ವಲ್ಪ ಸ್ವಲ್ಪ. ವಿಡಿಯೋ ಮಾಡಿದವರು ಕತ್ತರಿಸಿ ಬಿಸಾಕಿದ್ದು ಅದನ್ನೇ, ಬೆಳವಣಿಗೆ ಇದ್ದದ್ದೂ ಅಲ್ಲೇ. ಮತ್ತೆ, ಎವರೆಸ್ಟ್ ಹತ್ತೋದು ಅವರೇ ಆರಿಸಿಕೊಂಡ ದಾರಿ. ಪಕ್ಕದ ಬೆಡ್ಡಿನವರು "ನೀನು ಹತ್ತಲೇಬೇಕು" ಅಂದಿದ್ದರೆ ಅದು ಕ್ರೌರ್ಯ ಆಗ್ತಿತ್ತು.

ಇನ್ನೊಂದು ಎಚ್ಚರಿಕೆ ಕೂಡ ಇದೆ. ಪೆಟ್ರೀಷಿಯಾ ಫ್ರೇಜಿಯರ್ ಮತ್ತು ಜೊತೆಗಾರರು 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳನ್ನು ಆಘಾತಕ್ಕೆ ಮೊದಲೂ ಅಳೆದಿದ್ದರು, ಆಮೇಲೂ ಅಳೆದರು. "ನಾನು ಬೆಳೆದಿದ್ದೀನಿ" ಅಂತ ಹೇಳಿದ್ದಕ್ಕೂ ನಿಜವಾಗಿ ಕಂಡ ಬದಲಾವಣೆಗೂ ಹೆಚ್ಚಿನ ಸಂಬಂಧ ಇರಲಿಲ್ಲ. ಬೆಳೆದೆ ಅಂತ ಹೇಳಿಕೊಳ್ಳೋದು ಎಷ್ಟೋ ಸಲ ನೋವು ತಡೆಯೋಕೆ ಮನುಷ್ಯ ಹಿಡಿದುಕೊಳ್ಳುವ ಊರುಗೋಲು. ಅದು ತಪ್ಪಲ್ಲ. ಬಿದ್ದವನ ಕೈಯಿಂದ ಊರುಗೋಲು ಕಿತ್ಕೊಳ್ಳಬೇಡಿ. ಆದರೆ ಊರುಗೋಲು ಹಿಡಿದವನನ್ನು ಓಟದ ಪಂದ್ಯಕ್ಕೂ ನಿಲ್ಲಿಸಬೇಡಿ. ಜಾರ್ಜ್ ಬೊನಾನೊ ಅನ್ನೋ ಇನ್ನೊಬ್ಬ ಸಂಶೋಧಕರು ಹೇಳೋ ಪ್ರಕಾರ ಆಘಾತ ಕಂಡ ಬಹಳಷ್ಟು ಜನ ದೊಡ್ಡ ಪರಿವರ್ತನೆ ಏನೂ ಇಲ್ಲದೆ, ಹೆಚ್ಚು ಕುಸಿಯದೆ ತಮ್ಮ ಬದುಕು ನಡೆಸಿಕೊಂಡು ಹೋಗ್ತಾರೆ. ಅವರಿಗೆ ಹೇಳೋಕೆ ಕಥೆ ಇರಲ್ಲ. ಸೋಮವಾರ ಕೆಲಸಕ್ಕೆ ಹೋಗ್ತಾರೆ, ಬಾಡಿಗೆ ಕಟ್ತಾರೆ. ಅವರಿಗೆ ನಮ್ಮ ಸ್ಟೇಜಿನಲ್ಲಿ ಜಾಗ ಎಲ್ಲಿದೆ?

ಈಗ ನಮಗೆ ನೇರವಾಗಿ ತಟ್ಟುವ ವಿಷಯ. ಕೆನೆತ್ ಪಾರ್ಗಮೆಂಟ್ ಅನ್ನುವವರು ಧರ್ಮ ಮತ್ತು ಮನಸ್ಸಿನ ಬಗ್ಗೆ ಜೀವನವಿಡೀ ಕೆಲಸ ಮಾಡಿದವರು, ನಂಬಿಕೆಯ ವಿರೋಧಿ ಅಲ್ಲವೇ ಅಲ್ಲ. 2001ರಲ್ಲಿ ಅವರೂ ಜೊತೆಗಾರರೂ ಆಸ್ಪತ್ರೆಯಲ್ಲಿದ್ದ 55 ವರ್ಷ ದಾಟಿದ 596 ರೋಗಿಗಳ ಅಧ್ಯಯನ ಪ್ರಕಟಿಸಿದರು. ಎರಡು ವರ್ಷದ ನಂತರ ನೋಡಿದಾಗ, ದೇವರು ನನ್ನ ಕೈಬಿಟ್ಟರು, ದೇವರಿಗೆ ನನ್ನ ಮೇಲೆ ಪ್ರೀತಿ ಇಲ್ಲ, ಇದು ಸೈತಾನನೇ ಮಾಡಿದ್ದು ಅನ್ನೋ ಯೋಚನೆಯಲ್ಲಿದ್ದವರಲ್ಲಿ ಸಾವಿನ ಅಪಾಯ ಹೆಚ್ಚಾಗಿತ್ತು. ಆರೋಗ್ಯದ ಬೇರೆ ಲೆಕ್ಕಗಳನ್ನು ತೆಗೆದ ಮೇಲೂ. ಅದೇ ಕಾರಣ ಅಂತ ಇದರಿಂದ ಹೇಳೋಕಾಗಲ್ಲ, ಸಂಬಂಧ ಕಂಡಿತು ಅಷ್ಟೇ. ಆದರೆ ನನಗೆ ಅಷ್ಟು ಸಾಕು. ಆಸ್ಪತ್ರೆಯ ಮಂಚದ ಹತ್ತಿರ ನಿಂತು "ಯಾವುದೋ ಪಾಪಕ್ಕೆ ಬಾಗಿಲು ತೆರೆದಿದ್ದೀರಾ?" ಅಂತ ಕೇಳುವವರು ನಮ್ಮಲ್ಲಿದ್ದಾರೆ. ರೋಗಿಯ ಮನಸ್ಸಿನಲ್ಲಿ ಆಗಲೇ ಆ ಪ್ರಶ್ನೆ ಇರುತ್ತೆ. ನಾವು ಹೋಗಿ ಅದಕ್ಕೆ ಸೀಲ್ ಒತ್ತಿ ಬರ್ತೀವಿ. ನನ್ನ ಅಭಿಪ್ರಾಯದಲ್ಲಿ ಅದು ಪ್ರಾರ್ಥನೆಯಲ್ಲ, ಹಾನಿ.

ಯಾರಾದರೂ ಕೇಳಬಹುದು: "ಪಾಸ್ಟರ್, ಹಾಗಾದ್ರೆ ಬಂಗಾರ ಬೆಂಕಿಯಲ್ಲಿ ಶುದ್ಧವಾಗುತ್ತೆ ಅಂತ ವಾಕ್ಯದಲ್ಲಿದೆಯಲ್ಲ?" ಇದೆ. ಯೋಬ 23ನೇ ಅಧ್ಯಾಯ ತೆಗೀರಿ. ಆ ಮಾತು ಹೇಳಿದ್ದು ಯಾರು? ಎಲೀಫಜನಾ? ಬಿಲ್ದದನಾ? ಯೋಬನೇ ತನ್ನ ಬಗ್ಗೆ ತಾನು ಹೇಳಿಕೊಂಡಿದ್ದು. ಸ್ನೇಹಿತರು ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಮಾತಿಲ್ಲದೆ ಕೂತಾಗ ಸರಿಯಾಗೇ ಇದ್ದರು. ಬಾಯಿ ತೆರೆದು ಅವನ ನೋವಿಗೆ ತಾವು ಅರ್ಥ ಹೇಳೋಕೆ ಶುರು ಮಾಡಿದಾಗ ದಾರಿ ತಪ್ಪಿದರು, ಕೊನೆಯಲ್ಲಿ ದೇವರಿಂದ ಬೈಸಿಕೊಂಡಿದ್ದೂ ಅವರೇ. ಬಂಗಾರಕ್ಕೆ ನೋವಾಗಲ್ಲ, ಅದಕ್ಕೆ ರಾತ್ರಿ ನಿದ್ದೆ ಕೆಡಲ್ಲ. ಬೆಂಕಿಯಲ್ಲಿರುವವರು ತಮ್ಮನ್ನು ಬಂಗಾರ ಅಂತ ಕರೆದುಕೊಂಡರೆ ಅದು ನಂಬಿಕೆ. ಹೊರಗೆ ನಿಂತವರು ಹಾಗೆ ಕರೆದರೆ ಬೆಂಕಿ ಆರಿಸೋ ಕೆಲಸದಿಂದ ತಪ್ಪಿಸಿಕೊಂಡ ಹಾಗೆ.

ಯೋಸೇಫನೂ ಹಾಗೇ. ನೀವು ಕೇಡು ಮಾಡಿದಿರಿ, ದೇವರು ಅದನ್ನೇ ಒಳ್ಳೆಯದಕ್ಕೆ ತಿರುಗಿಸಿದರು ಅನ್ನೋ ಅರ್ಥದ ಅವನ ಮಾತು ನಮಗೆಲ್ಲ ಇಷ್ಟ. ಲೆಕ್ಕ ಹಾಕಿ ನೋಡಿ. ಅಣ್ಣಂದಿರು ಗುಂಡಿಗೆ ಹಾಕಿ ಮಾರಿದಾಗ ಅವನಿಗೆ 17. ಫರೋಹನ ಮುಂದೆ ನಿಂತಾಗ 30. ಏಳು ವರ್ಷ ಸುಭಿಕ್ಷ, ಎರಡು ವರ್ಷ ಬರ. ತನ್ನ ಜೀವನದಲ್ಲಿ ದೇವರ ಕೈ ಇತ್ತು ಅಂತ ಅಣ್ಣಂದಿರಿಗೆ ಮೊದಲ ಸಲ ಹೇಳುವಾಗ ಅವನಿಗೆ ಸುಮಾರು 39. ಅಂದರೆ 22 ವರ್ಷ! ಹೇಳುವ ಮೊದಲು ಐಗುಪ್ತದವರಿಗೆಲ್ಲ ಕೇಳಿಸುವ ಹಾಗೆ ಅತ್ತ. ಮೊದಲ ಮಗನಿಗೆ ಮನಸ್ಸೆ ಅಂತ ಹೆಸರಿಟ್ಟು, ಹಳೆಯದನ್ನು ದೇವರು ಮರೆಸಿದರು ಅಂದಿದ್ದ. ಆದರೂ ಅಣ್ಣಂದಿರನ್ನು ಕಂಡ ಮೇಲೆ ಅಳು ಬಂತು. ಬೆಳೆದಿದ್ದೂ ನಿಜ, ನೋವು ಉಳಿದಿದ್ದೂ ನಿಜ. ಸಂಶೋಧಕರು ಹೇಳೋದೂ ಇದನ್ನೇ, ಬೆಳವಣಿಗೆ ಮತ್ತು ಸಂಕಟ ಒಂದೇ ಮನೆಯಲ್ಲಿ ಒಟ್ಟಿಗೆ ವಾಸ ಮಾಡಬಹುದು. ಮತ್ತೆ, ಕೇಡನ್ನು ಅವನು ಕೇಡು ಅಂತಲೇ ಕರೆದ, ಒಳ್ಳೆಯದಾಯ್ತಲ್ಲ ಅಂತ ಅದನ್ನು ಮುಚ್ಚಿ ಹಾಕಲಿಲ್ಲ. ದೌರ್ಜನ್ಯಕ್ಕೆ ಒಳಗಾದವರಿಗೆ "ಕ್ಷಮಿಸಿ ಬೆಳೆಯಿರಿ" ಅಂತ ಅವಸರ ಮಾಡುವವರು, ಪೊಲೀಸ್ ಕಂಪ್ಲೇಂಟ್ ಬೇಡ ಅನ್ನುವವರು ಇಲ್ಲಿ ಸ್ವಲ್ಪ ನಿಂತು ಓದಬೇಕು.

ವಿಕ್ಟರ್ ಫ್ರಾಂಕ್ಲ್ ಅವರ ಮಾತನ್ನೂ ಜನ ಅರ್ಧ ಮಾತ್ರ ಹೇಳ್ತಾರೆ. ನಾಜಿಗಳ ಕ್ಯಾಂಪಿನಿಂದ ಬದುಕಿ ಬಂದ ವಿಯೆನ್ನಾದ ವೈದ್ಯ, ಹೆಂಡತಿಯನ್ನೂ ತಾಯಿಯನ್ನೂ ಅಣ್ಣತಮ್ಮನನ್ನೂ ಕಳಕೊಂಡವರು. ಸಂಕಟದಲ್ಲೂ ಅರ್ಥ ಕಾಣಬಹುದು ಅಂದರು, ಸರಿ. ಆದರೆ ಅರ್ಥ ಸಿಗೋಕೆ ಸಂಕಟ ಬೇಕೇ ಬೇಕು ಅಂತ ಅವರು ಹೇಳಲಿಲ್ಲ. ತಪ್ಪಿಸಬಹುದಾದ ಸಂಕಟವಾದರೆ ಅದರ ಕಾರಣವನ್ನು ತೆಗೆದು ಹಾಕೋದೇ ಅರ್ಥವುಳ್ಳ ಕೆಲಸ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಗಂಡ ಹೊಡೆಯುವ ಮನೆಯಲ್ಲಿರುವ ಅಕ್ಕನಿಗೆ ಸಹನೆಯ ಪ್ರಸಂಗ ಬೇಡ, ಆಟೋ ಬೇಕು.

ಹಾಗಾದರೆ ಸಾಕ್ಷಿಯೇ ಬೇಡವಾ? ಬೇಕು. ನನ್ನ ನಂಬಿಕೆ ನಿಂತಿರೋದೇ ಸಾಕ್ಷಿಗಳ ಮೇಲೆ. ಆದರೆ ಸಾಕ್ಷಿ ಕಾಣಿಕೆ ಇದ್ದ ಹಾಗೆ, ಒತ್ತಾಯ ಮಾಡಿದರೆ ಅದು ವಸೂಲಿ ಆಗುತ್ತೆ. ನೊವೊಮಿ ಬೇತ್ಲೆಹೇಮಿಗೆ ವಾಪಸ್ ಬಂದು, ನನ್ನನ್ನು ಇನ್ನು ಮೇಲೆ ಕಹಿ ಅನ್ನೋ ಹೆಸರಿನಿಂದ ಕರೆಯಿರಿ, ಬರಿಗೈಯಲ್ಲಿ ಬಂದಿದ್ದೀನಿ ಅಂದಳು. ಆ ಹೆಂಗಸರು ಅವಳನ್ನು ತಿದ್ದಿದರು ಅಂತ ಎಲ್ಲೂ ಬರೆದಿಲ್ಲ. ಪಕ್ಕದಲ್ಲೇ ರೂತಳು ನಿಂತಿದ್ದಾಳೆ, "ಅತ್ತೆ, ನಾನಿದ್ದೀನಲ್ಲ, ಬರಿಗೈ ಹೇಗಾಯ್ತು?" ಅಂತ ಅವಳೂ ಕೇಳಲಿಲ್ಲ. ಆಮೇಲೆ ತೆನೆ ಆಯೋಕೆ ಹೋದಳು. ಮನೆಯಲ್ಲಿ ಅಡುಗೆ ಆಗಬೇಕಿತ್ತಲ್ಲ.

ಮುಗಿಸೋ ಮೊದಲು ಕೆಲವು ವಿಷಯ. ಸಾಕ್ಷಿ ಹೇಳುವವರ ಪಟ್ಟಿಗೆ ಇನ್ನು ಮೇಲೆ ನಾವಾಗಿ ಯಾರ ಹೆಸರನ್ನೂ ಸೇರಿಸಲ್ಲ, ಹೇಳಬೇಕು ಅನಿಸಿದವರು ತಾವೇ ಬಂದು ಹೇಳಲಿ. ಮುಗಿಯದ ಕಥೆಯೂ ನಡೆಯುತ್ತೆ, ಕೊನೆಗೆ ಜಯ ಇರಲೇಬೇಕು ಅಂತಿಲ್ಲ. ಶುಕ್ರವಾರ ಪ್ರಾರ್ಥನೆ ಆದಮೇಲೆ ಹಾಲ್ ಒಂಬತ್ತೂವರೆವರೆಗೆ ತೆರೆದಿರುತ್ತೆ, ಟೀ ಇರುತ್ತೆ, ಸುಮ್ಮನೆ ಕೂರೋಕೂ ಬರಬಹುದು. ನಿದ್ದೆ ಬರುತ್ತಿಲ್ಲ, ಸಾಯಬೇಕು ಅನಿಸ್ತಿದೆ ಅನ್ನುವವರು ನನಗಾಗಿ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಇದೆ, ನಂಬರ್ 14416, ದಿನವಿಡೀ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಊರಿನ ನಿಮ್ಹಾನ್ಸ್ ಇದೆ. ಮಾತ್ರೆ ತಗೊಂಡರೆ ನಂಬಿಕೆ ಕಡಿಮೆ ಅಂತ ನಿಮಗೆ ಯಾರಾದರೂ ಹೇಳಿದರೆ ಅವರನ್ನು ನನ್ನ ಹತ್ತಿರ ಕಳಿಸಿ.

ಈಗ ಪ್ರಾರ್ಥನೆ ಮಾಡೋಣ. ಸೇವೆಯಲ್ಲಿ ಸಹಾಯ ಮಾಡುವ ತಮ್ಮಂದಿರು ತಂಗಿಯರು, ಯಾರ ತಲೆ ಮೇಲೆ ಕೈ ಇಡೋ ಮೊದಲೂ ಇಡಬಹುದಾ ಅಂತ ಕೇಳಿ. ಬೇಡ ಅಂದರೆ ಬೇಡ. ಎದ್ದು ನಿಲ್ಲೋಕೆ ಆಗದವರು ಕೂತೇ ಇರಿ. ಕಣ್ಣು ಮುಚ್ಚಿದರೆ ಭಯ ಆಗುತ್ತೆ ಅನ್ನುವವರು ಕಣ್ಣು ತೆರೆದುಕೊಂಡೇ ಇರಿ, ಲೈಟ್ ಯಾರೂ ಆರಿಸಬೇಡಿ.